ಬೆಲ್ಲ–ಸಕ್ಕರೆಯ ವಾದದಲ್ಲಿ ಮರೆಯಾದ ಸೊಪ್ಪು

ಸಕ್ಕರೆ ಬಿಟ್ಟು ಬೆಲ್ಲ ತಿಂದರೆ ಸಾಕೇ ಎಂಬ ಪ್ರಶ್ನೆಗೆ ಈಗ ಮನೆಗೊಂದು ಉತ್ತರವಿದೆ. ಆದರೆ ಮಂಡ್ಯ ಸೀಮೆಯ ಊಟ ಬದಲಾದ ಬಗೆಯನ್ನು ಗಮನಿಸಿದರೆ, ಈ ವಾದದಲ್ಲಿ ಸೊಪ್ಪಿನ ಮಾತೇ ಬಿಟ್ಟುಹೋಗಿದೆ ಎನಿಸುತ್ತದೆ.

ಕಾವೇರಿ ನಾಲೆ ಬರುವ ಮುನ್ನ ಈ ಸೀಮೆ ಬಹುಮಟ್ಟಿಗೆ ರಾಗಿಯ ನಾಡು. ಹೊಲದಲ್ಲಿ ರಾಗಿಯ ನಡುನಡುವೆ ಬಿತ್ತುವ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಇರುತ್ತಿದ್ದವು. ನಡುವೆ ಯಾರೂ ಬಿತ್ತದ ಅಣ್ಣೆ ಸೊಪ್ಪು, ಬದುವಿನಲ್ಲಿ ಗಣಿಕೆ, ನೀರಿನ ಪಸೆ ಇದ್ದಲ್ಲಿ ಹೊನಗೊನೆ ಸಿಗುತ್ತಿದ್ದವು. ಕಳೆ ಕೀಳಲು ಹೋದ ಹೆಂಗಸರು ಮಡಿಲಿನಲ್ಲಿ ತಂದ ಬೆರಕೆ ಸೊಪ್ಪೇ ಸಂಜೆಯ ಬಸ್ಸಾರಿಗೆ ಒದಗುತ್ತಿತ್ತು: ಕಾಳಿನೊಂದಿಗೆ ಬೇಯಿಸಿ ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಮುದ್ದೆಗೆ ಸಾರು, ಉಳಿದ ಸೊಪ್ಪು–ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬೆಲ್ಲದ ಅಡುಗೆ ಹೆಚ್ಚಾಗಿ ಹಬ್ಬಕ್ಕೆ ಮೀಸಲು. ಇದನ್ನು ಸುವರ್ಣಯುಗವೆಂದು ಹೊಗಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಆ ಊಟವೂ ಸಿಗುತ್ತಿರಲಿಲ್ಲ.

1911ರಲ್ಲಿ ಕಟ್ಟಲು ಶುರುವಾದ ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ನಾಲೆಗೆ ಹರಿಯಿತು. ದೇಶದ ಸಕ್ಕರೆ ಉದ್ಯಮಕ್ಕೆ 1932ರ ಕಾಯ್ದೆ ಸುಂಕದ ರಕ್ಷಣೆ ಕೊಟ್ಟಿತು. ಮರುವರ್ಷವೇ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಬ್ಬಿಗೆ ನೀರಿತ್ತು, ಕೊಳ್ಳುವವರಿದ್ದರು, ತಳಿ ಸುಧಾರಿಸುವ ವಿಜ್ಞಾನಿಗಳಿದ್ದರು. 1966ರ ಕಬ್ಬು ನಿಯಂತ್ರಣ ಆದೇಶದಡಿ ಕನಿಷ್ಠ ಬೆಲೆಯೂ ಸಿಕ್ಕಿತು. ಬಡತನ ಕಂಡಿದ್ದ ರೈತ ಅದನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ವರ್ಷವಿಡೀ ನಿಂತು ನೆಲ ಮುಚ್ಚುವ ಕಬ್ಬಿನ ಗದ್ದೆಯಲ್ಲಿ ಅಕ್ಕಡಿ ಸಾಲಿಗೆ ಜಾಗವಿರಲಿಲ್ಲ, ಮುಂದೆ ಕಳೆನಾಶಕ ಬಂದಲ್ಲಿ ಅಣ್ಣೆ ಸೊಪ್ಪು ಬರೀ ಕಳೆಯಾಯಿತು. ಯಾರ ಬೆಳೆಯೂ ಅಲ್ಲದ್ದರಿಂದ ಅದರ ನಷ್ಟ ಯಾವ ಲೆಕ್ಕದ ಪುಸ್ತಕಕ್ಕೂ ಏರಲಿಲ್ಲ.

ಅತ್ತ ಸಕ್ಕರೆ ಪಡಿತರ ಚೀಟಿಯ ಮೂಲಕ ಅಡುಗೆಮನೆಗೆ ಬಂದು ನಿತ್ಯದ ಕಾಫಿ–ಟೀ ಸೇರಿತು. ಆಮೇಲಿನ ದಶಕಗಳಲ್ಲಿ ಬಿಸ್ಕತ್ತು, ತಂಪು ಪಾನೀಯಗಳು ಉಳಿದ ಕೆಲಸ ಮಾಡಿದವು. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂಬ ಅಂದಾಜನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಪ್ರಕಟಿಸಿತು. ಅದಕ್ಕೆ ಸಕ್ಕರೆಯೊಂದನ್ನೇ ಹೊಣೆ ಮಾಡಲಾಗದು. ಪಾಲಿಶ್ ಅಕ್ಕಿಯ ಅನ್ನ ಹೆಚ್ಚಿದ್ದು, ಮೈಮುರಿದು ದುಡಿಯುವುದು ತಗ್ಗಿದ್ದು, ಅನುವಂಶೀಯತೆ ಎಲ್ಲವೂ ಸೇರಿವೆ.

ಈಗ ಬೆಲ್ಲಕ್ಕೆ ಮತ್ತೆ ಬೇಡಿಕೆ ಬಂದಿದೆ. ಆದರೆ ಬಣ್ಣ ತಿಳಿಯಾಗಿದ್ದರೆ ಮಾತ್ರ ಬೆಲೆ ಸಿಗುವ ಮಾರುಕಟ್ಟೆಗಾಗಿ ಎಷ್ಟೋ ಆಲೆಮನೆಗಳಲ್ಲಿ ಕುದಿಯುವ ಕೊಪ್ಪರಿಗೆಗೆ ರಾಸಾಯನಿಕ ಬೀಳುತ್ತದೆ, ಕೆಲವೆಡೆ ಸಕ್ಕರೆಯೇ ಬೀಳುತ್ತದೆ. ಅಪ್ಪಟ ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಉಂಟು, ನಿಜ. ಅದರ ಬಹುಭಾಗ ಮಾತ್ರ ಸಕ್ಕರೆಯ ಅಂಶವೇ.

ದಿನದ ಒಟ್ಟು ಶಕ್ತಿಯಲ್ಲಿ ಸೇರಿಸಿದ ಸಿಹಿಯ ಪಾಲು ಶೇ 10ರೊಳಗಿರಲಿ, ಶೇ 5ಕ್ಕಿಳಿದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2,000 ಕ್ಯಾಲೊರಿ ಊಟಕ್ಕೆ ಅದು 50 ಗ್ರಾಂ, ಇಲ್ಲವೇ 25 ಗ್ರಾಂ. ಕಾಫಿಗೆ ಹಾಕಿದ ಬೆಲ್ಲವೂ ಅದರಲ್ಲೇ ಸೇರುತ್ತದೆ. ಹಣ್ಣು–ತರಕಾರಿ ದಿನಕ್ಕೆ 400 ಗ್ರಾಂ ಆದರೂ ಬೇಕೆಂಬುದು ಅದೇ ಸಂಸ್ಥೆಯ ಇನ್ನೊಂದು ಸಲಹೆ. ಕಬ್ಬಿನ ದರವನ್ನು ಕೇಂದ್ರ ಸರ್ಕಾರ ಇಂದಿಗೂ ಹಂಗಾಮಿಗೊಮ್ಮೆ ಪ್ರಕಟಿಸುತ್ತದೆ. ಆ 400 ಗ್ರಾಂನಲ್ಲಿ ಸೇರುವ ಸೊಪ್ಪಿಗೆ ಅಂಥ ದರವಿಲ್ಲ: ದಂಟು, ಸಬ್ಬಸಿಗೆ, ಮೆಂತ್ಯದ ಕಟ್ಟಿನ ದರ ಸಂತೆಯಲ್ಲಿ ಅಂದಂದೇ ಏರಿ ಅಂದಂದೇ ಬೀಳುತ್ತದೆ.