ಶಾಲೆಯ ಬ್ಯಾಗಿನಲ್ಲಿ ಮೊಬೈಲ್: ಜಪಾನ್ ಎರಡು ಸಲ ಮನಸ್ಸು ಬದಲಿಸಿದ ಕಥೆ

ಜಪಾನಿನಲ್ಲಿ ಒಂದನೇ ತರಗತಿಯ ಮಕ್ಕಳೂ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ನಡೆದು ಹೋಗುವುದು ರೂಢಿ. ಚಿಕ್ಕ ಮಕ್ಕಳ ಕೈಗೆ ಫೋನ್ ಬರಲು ಆಟಕ್ಕಿಂತ ಈ ದಾರಿಯ ಭಯವೇ ದೊಡ್ಡ ಕಾರಣವಾಯಿತು. 2004ರಲ್ಲಿ ನಾರಾದಲ್ಲಿ, ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಬಾಲಕಿಯೊಬ್ಬಳನ್ನು ಅಪಹರಿಸಿ ಕೊಂದರು. ಹೆತ್ತವರು ನಡುಗಿಹೋದರು. 2006ರಲ್ಲಿ ಎನ್‌ಟಿಟಿ ಡೊಕೊಮೊ ಕಂಪನಿ ಮಕ್ಕಳಿಗೆಂದೇ ಒಂದು ಫೋನ್ ತಂದಿತು. ಅಪಾಯದಲ್ಲಿ ಜೋರಾಗಿ ಕೂಗುವ ಬಜರ್ ಅದರಲ್ಲಿತ್ತು. ಮಗು ಎಲ್ಲಿದೆ ಎಂದು ಮನೆಗೆ ತಿಳಿಸುವ ವ್ಯವಸ್ಥೆಯೂ ಇತ್ತು.

ಫೋನ್ ಜೊತೆಗೆ ಇಂಟರ್ನೆಟ್ ಬಂತು, ಸಹಪಾಠಿಗಳನ್ನು ಅಲ್ಲಿ ಹೀಯಾಳಿಸುವುದೂ ಬಂತು. 2008ರ ಕೊನೆಗೆ ಒಸಾಕಾ ಗವರ್ನರ್ ತೋರು ಹಾಶಿಮೊಟೊ ಶಾಲೆಗಳಲ್ಲಿ ಮೊಬೈಲ್ ಬೇಡವೆಂದರು. ಮರುತಿಂಗಳೇ ಶಿಕ್ಷಣ ಸಚಿವಾಲಯ ಪ್ರಾಥಮಿಕ, ಮಾಧ್ಯಮಿಕ ಶಾಲೆಗಳಿಗೆ ಫೋನ್ ತರುವುದನ್ನು ತಾತ್ವಿಕವಾಗಿ ನಿಷೇಧಿಸಿತು.

ಆ ನಿಲುವನ್ನು ಅಲುಗಾಡಿಸಿದ್ದು ಭೂಕಂಪ. 2018ರ ಜೂನ್ 18, ಬೆಳಿಗ್ಗೆ ಎಂಟರ ಹೊತ್ತು, ಮಕ್ಕಳು ದಾರಿಯಲ್ಲಿದ್ದಾಗಲೇ ಒಸಾಕಾದ ಉತ್ತರ ಭಾಗ ಕಂಪಿಸಿತು. ತಕಾತ್ಸುಕಿಯಲ್ಲಿ ಶಾಲೆಯ ಈಜುಕೊಳದ ಗೋಡೆ ಕುಸಿದು ಒಂಬತ್ತು ವರ್ಷದ ಹುಡುಗಿ ತೀರಿಕೊಂಡಳು. ರೈಲುಗಳು ನಿಂತವು. ಮಗು ಎಲ್ಲಿದೆ ಎಂದು ಕೇಳುವ ದಾರಿಯೇ ಎಷ್ಟೋ ಮನೆಗಳಿಗೆ ಇರಲಿಲ್ಲ. ಮುಂದಿನ ವರ್ಷ ಒಸಾಕಾ ತನ್ನ ನಿಯಮ ಸಡಿಲಿಸಿತು.

ನ್ಯೂಯಾರ್ಕ್ ನಗರವೂ ಹೀಗೆಯೇ ತೂಗಾಡಿದೆ. ಅಲ್ಲಿ ನಿಷೇಧವಿದ್ದ ಕಾಲದಲ್ಲಿ ಶಾಲೆಯ ಹೊರಗೆ ವ್ಯಾನ್ ನಿಲ್ಲಿಸಿಕೊಂಡವರು ದಿನಕ್ಕೆ ಒಂದು ಡಾಲರ್ ಪಡೆದು ಮಕ್ಕಳ ಫೋನ್ ಇಟ್ಟುಕೊಳ್ಳುತ್ತಿದ್ದರು. ಆ ಹಣ ಬಡ ಮನೆಗಳಿಗೇ ಭಾರ. 2015ರಲ್ಲಿ ನಿಷೇಧ ತೆಗೆದರು, 2025ರಲ್ಲಿ ಇಡೀ ರಾಜ್ಯಕ್ಕೇ ತಂದರು. ಈ ಸಲ ಮಾತ್ರ, ಹೆತ್ತವರು ಮಗುವನ್ನು ಸಂಪರ್ಕಿಸುವ ಬೇರೆ ದಾರಿಯನ್ನು ಶಾಲೆಯೇ ಒದಗಿಸಬೇಕು. ಫ್ರಾನ್ಸ್ 2018ರಿಂದಲೇ ಹದಿನೈದರೊಳಗಿನವರ ಶಾಲೆಗಳಲ್ಲಿ ಫೋನ್ ಬಳಕೆ ತಡೆದಿದೆ.

ನಮ್ಮಲ್ಲಿ ಆಜ್ಞೆ ಬಂದದ್ದು ಇನ್ನೊಂದು ದಿಕ್ಕಿನಿಂದ. 2020ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠವೇ ಬೇಡವೆಂದಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಮನೆಯಲ್ಲಿದ್ದ ಒಂದೇ ಫೋನಿಗೆ ಅಣ್ಣ, ತಂಗಿ, ಕೆಲಸಕ್ಕೆ ಹೋಗುವ ಅಪ್ಪ ಕಾದು ನಿಂತ ದಿನಗಳವು.

ಇಷ್ಟೆಲ್ಲ ಹಗ್ಗಜಗ್ಗಾಟದಲ್ಲಿ ಮಕ್ಕಳನ್ನು ಕೇಳಿದವರು ಕಡಿಮೆ. ಅದಕ್ಕೇ 2020ರ ಜುಲೈನಲ್ಲಿ ಜಪಾನಿನ ಸಚಿವಾಲಯ ಮಾಧ್ಯಮಿಕ ಶಾಲೆಗಳಿಗೆ ಹಾಕಿದ ಷರತ್ತು ನನಗೆ ಮುಖ್ಯವೆನಿಸುತ್ತದೆ: ಫೋನ್ ತರಲು ಬಿಡುವುದಾದರೆ, ಅದರ ನಿಯಮಗಳನ್ನು ಶಾಲೆ, ಪೋಷಕರು ಮತ್ತು ವಿದ್ಯಾರ್ಥಿಗಳು ಕೂಡಿಯೇ ರೂಪಿಸಬೇಕು.