ತಲಪಾಡಿ ದಾಟುವಾಗ ಇಸಿಜಿ ನಿಲ್ಲಬಾರದು

ಕಾಸರಗೋಡಿನಿಂದ ಮಂಗಳೂರಿಗೆ ಹೊರಟ ಆಂಬುಲೆನ್ಸಿನಿಂದಲೇ ರೋಗಿಯ ಇಸಿಜಿ, ವಿಡಿಯೊ ಎರಡೂ ಆಸ್ಪತ್ರೆಯ ವೈದ್ಯರಿಗೆ ಕಾಣಬೇಕು. 5ಜಿ ಬಂದರೆ ಇದು ತಾನಾಗಿಯೇ ಆಗುತ್ತದೆ ಎಂದು ನಂಬಿದವರು ಬಹಳ ಮಂದಿ. ಲೆಕ್ಕ ನೋಡಿ: 12 ಲೀಡಿನ (ಹೃದಯದ ವಿದ್ಯುತ್ತನ್ನು 12 ಕೋನಗಳಿಂದ ನೋಡುವ) ಇಸಿಜಿಯಲ್ಲಿ ಕಳುಹಿಸಬೇಕಾದ್ದು 8 ಮಾತ್ರ, ಉಳಿದ 4 ಅವುಗಳಿಂದಲೇ ಸಿಗುತ್ತವೆ. ಸೆಕೆಂಡಿಗೆ 500 ಮಾದರಿ, ಒಂದೊಂದಕ್ಕೆ 16 ಬಿಟ್, ಅಂದರೆ 64 ಕೆಬಿಪಿಎಸ್ (ಸೆಕೆಂಡಿಗೆ 64 ಸಾವಿರ ಬಿಟ್). 720ಪಿ ವಿಡಿಯೊ ಸೇರಿಸಿದರೂ 1.5 ಎಂಬಿಪಿಎಸ್ (ಸೆಕೆಂಡಿಗೆ 15 ಲಕ್ಷ ಬಿಟ್) ಆಸುಪಾಸು. ಒಳ್ಳೆಯ 4ಜಿ ಕೂಡ ಹೊರುವಷ್ಟು ಹೊರೆ ಇದು. ಆದರೂ ಚಿತ್ರ ಕಡಿಯುತ್ತದೆ.

ಮೊದಲ ಕಾರಣ ಗಡಿ. ಕೇರಳ–ಕರ್ನಾಟಕ ಗಡಿಯ ತಲಪಾಡಿಯಲ್ಲಿ ದೂರಸಂಪರ್ಕ ವೃತ್ತವೇ, ಅಂದರೆ ಕಂಪನಿಯ ಜಾಲ ನಡೆಯುವ ಪ್ರದೇಶದ ವಿಭಾಗವೇ, ಬದಲಾಗುತ್ತದೆ. ಸಿಮ್ ಒಂದೇ ಕಂಪನಿಯದಾದರೂ ಕೇರಳದ ಜಾಲಕ್ಕೂ ಕರ್ನಾಟಕದ ಜಾಲಕ್ಕೂ ಗುರುತುಸಂಖ್ಯೆ ಬೇರೆ. ಒಂದು ವೃತ್ತದೊಳಗೆ ಟವರಿನಿಂದ ಟವರಿಗೆ ಕರೆ ದಾಟಿದಂತೆ ಇಲ್ಲಿಯೂ ದಾಟಬೇಕಾದರೆ ಎರಡೂ ಕಡೆ ಅದಕ್ಕೆಂದೇ ಹೊಂದಾಣಿಕೆ ಮಾಡಿರಬೇಕು. ಇಲ್ಲದಿದ್ದರೆ ಫೋನು ಹಳೆಯ ಜಾಲ ಪೂರ್ತಿ ಕೈಬಿಡುವವರೆಗೂ ಅದಕ್ಕೇ ಜೋತುಬಿದ್ದು, ಆಮೇಲೆ ಹೊಸದನ್ನು ಹುಡುಕುತ್ತದೆ. ಐಪಿ ವಿಳಾಸ ಬದಲಾಗಿ ನಡೆಯುತ್ತಿದ್ದ ಕರೆ ಬೀಳುತ್ತದೆ. ಇದಕ್ಕೆ ಎಂಬಿಪಿಎಸ್ ಮದ್ದಲ್ಲ.

ಮದ್ದು ಆ್ಯಪಿನಲ್ಲಿ ಇರಬೇಕು. ವೆಬ್‌ಆರ್‌ಟಿಸಿ (ನೇರ ಧ್ವನಿ, ವಿಡಿಯೊ ಕಳುಹಿಸುವ ತಂತ್ರ) ಬಳಸುವವರು ಜಾಲ ಬದಲಾದ ಕೂಡಲೇ ಐಸಿಇ ರೀಸ್ಟಾರ್ಟ್ (ಕರೆ ಮುಗಿಸದೆ ಹೊಸ ದಾರಿ ಹುಡುಕಿ ಜೋಡಿಸುವುದು) ಆಗುವಂತೆ ಬರೆಯಬೇಕು. ಬಳಕೆದಾರ ಮತ್ತೆ ಕರೆ ಮಾಡಲಿ ಎಂದು ಬಿಡುವುದು ಆಂಬುಲೆನ್ಸಿನಲ್ಲಿ ಸಲ್ಲದು. ಇಸಿಜಿಯನ್ನು ಸಮಯದ ಮುದ್ರೆಯೊಂದಿಗೆ ಸಾಧನದಲ್ಲೇ ಉಳಿಸಿಕೊಂಡು, ಸಂಪರ್ಕ ಮರಳಿದಾಗ ಬಿಟ್ಟುಹೋದ ಭಾಗವನ್ನೂ ಕಳುಹಿಸಬೇಕು. ವಾಹನಕ್ಕೆ ಎರಡು ಬೇರೆ ಕಂಪನಿಗಳ ಸಿಮ್ ಏಕಕಾಲಕ್ಕೆ ಬಳಸುವ ರೂಟರ್ ಹಾಕಿಸಿ. ಎರಡೂ ಒಂದೇ ಜಾಗದಲ್ಲಿ ಕಡಿಯುವುದು ಅಪರೂಪ. ಡೇಟಾ ರೋಮಿಂಗ್ ಆನ್ ಇದೆಯೇ ಎಂದು ಹೊರಡುವ ಮೊದಲೇ ನೋಡಿ.

ಎರಡನೆಯದು ಅಪ್‌ಲೋಡ್. ನಮ್ಮಲ್ಲಿ 5ಜಿಯ ಮುಖ್ಯ ತರಂಗಾಂತರ 3.3ರಿಂದ 3.67 ಗಿಗಾಹರ್ಟ್ಸ್. ಇಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ದಾರಿ, ಸಮಯ ಹಂಚಿಕೊಂಡು ಓಡಾಟ. ಫೋನಿನಿಂದ ಟವರಿಗೆ ಹೋಗಲು ಸಿಗುವುದು ಸಾಮಾನ್ಯವಾಗಿ ನಾಲ್ಕರಲ್ಲೊಂದು ಪಾಲು, ಇಲ್ಲವೇ ಅದಕ್ಕೂ ಕಡಿಮೆ. ಅದರ ಮೇಲೆ ಫೋನಿನ ಶಕ್ತಿ ಸಾಧಾರಣ 200 ಮಿಲಿವ್ಯಾಟ್. ಪೆರ್ಲ, ಬದಿಯಡ್ಕ ಕಡೆಯ ಗುಡ್ಡ, ಅಡಕೆ ತೋಟ, ದಪ್ಪ ಮುರಕಲ್ಲಿನ ಗೋಡೆ ದಾಟುವಷ್ಟರಲ್ಲಿ ಅದು ಸೋತಿರುತ್ತದೆ. ಡೌನ್‌ಲೋಡ್ 200 ಎಂಬಿಪಿಎಸ್ ತೋರಿಸುವ ಜಾಗದಲ್ಲೇ ಅಪ್‌ಲೋಡ್ 2 ಕೂಡ ನಿಲ್ಲದಿರುವುದು ಹೀಗೆ. 700 ಮೆಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. ಆದರೆ ಅದರ ಅಗಲ ಕಡಿಮೆ, ಒಮ್ಮೆಗೆ ಹೊರುವ ಡೇಟಾವೂ ಕಡಿಮೆ.

ಯಕ್ಷಗಾನ ಬಯಲಾಟವನ್ನು ನೇರ ಪ್ರಸಾರ ಮಾಡುವವರಿಗೆ ಇದೇ ತೊಡಕು. 1080ಪಿಗೆ 4ರಿಂದ 6 ಎಂಬಿಪಿಎಸ್ ಅಪ್‌ಲೋಡ್ ಬೆಳಗಿನವರೆಗೆ ಬಿಡದೆ ಬೇಕು. ಮಧ್ಯಾಹ್ನ ಖಾಲಿ ಗದ್ದೆಯಲ್ಲಿ ಅಳೆದ ಅಂಕಿ ರಾತ್ರಿಗೆ ಹೊಂದದು, ಆಗ ಪ್ರೇಕ್ಷಕರ ಫೋನುಗಳೂ ಅದೇ ಟವರಿನಲ್ಲಿರುತ್ತವೆ. ಜನ ಸೇರಿದ ಮೇಲೆ ಹತ್ತು ನಿಮಿಷ ಅಳೆದು, ಕಂಡ ಅತಿ ಕಡಿಮೆ ಅಂಕಿಯ ಅರ್ಧಕ್ಕೆ ವಿಡಿಯೊವನ್ನು ಕುಗ್ಗಿಸಿ ಕಳುಹಿಸುವ ಎನ್‌ಕೋಡರ್ ಇಡಿ. ಊರಿನವರು ದುಬೈಯಲ್ಲಿ ನೋಡುವಾಗ ಹತ್ತಿಪ್ಪತ್ತು ಸೆಕೆಂಡು ತಡವಾಗುವುದು 5ಜಿಯಿಂದ ಹೋಗುವುದಿಲ್ಲ; ವಿಡಿಯೊವನ್ನು ತುಂಡು ಮಾಡಿ, ಕೆಲವನ್ನು ಕೂಡಿಟ್ಟು ತೋರಿಸುವ ಕ್ರಮದಿಂದ ಬರುವ ತಡ ಅದು.

5ಜಿ ಜಾಹೀರಾತಿನ 1 ಮಿಲಿಸೆಕೆಂಡು ತಡ ಎಂಬುದು ಫೋನು–ಟವರು ನಡುವಿನ ರೇಡಿಯೊ ಭಾಗದ ಗುರಿ ಮಾತ್ರ. ಫೈಬರಿನಲ್ಲಿ ಬೆಳಕಿಗೆ ಕಿಲೋಮೀಟರಿಗೆ 5 ಮೈಕ್ರೊಸೆಕೆಂಡು ಬೇಕು. ಸರ್ವರ್ 1,000 ಕಿ.ಮೀ. ಆಚೆಗಿದ್ದರೆ ಹೋಗಿ ಬರಲು ಅದೊಂದೇ 10 ಮಿಲಿಸೆಕೆಂಡು. ಸರ್ವರ್ ಹತ್ತಿರದ ನಗರಕ್ಕೆ ಬಂದಾಗ, 4ಜಿಯ ಊರುಗೋಲು ಬೇಡದ ಸ್ವತಂತ್ರ 5ಜಿಯಲ್ಲಿ ತುರ್ತು ಸೇವೆಗೆ ಪ್ರತ್ಯೇಕ ಪಾಲು ಮೀಸಲಿಟ್ಟಾಗ ನಿಜವಾದ ಬದಲಾವಣೆ ಕಾಣುತ್ತದೆ. ಪಂಚಾಯತುಗಳು, ಆಸ್ಪತ್ರೆಗಳು ಕಂಪನಿಗಳನ್ನು ಕೇಳಬೇಕಾದ್ದು ಇದನ್ನೇ.

ಸೇವೆ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಮೊದಲು ಸುಮ್ಮನೆ ಪಿಂಗ್ (ಸಂದೇಶ ಸರ್ವರಿಗೆ ಹೋಗಿ ಬರುವ ಸಮಯ) ಅಳೆಯಿರಿ, ಮತ್ತೆ ದೊಡ್ಡ ಫೈಲೊಂದು ಅಪ್‌ಲೋಡ್ ಆಗುತ್ತಿರುವಾಗ ಅಳೆಯಿರಿ. 40 ಮಿಲಿಸೆಕೆಂಡು ಇದ್ದದ್ದು 400 ಆದರೆ ಪ್ಯಾಕೆಟ್ಟುಗಳು ಎಲ್ಲೋ ಸಾಲುಗಟ್ಟಿ ಕಾಯುತ್ತಿವೆ. ರೂಟರಿನಲ್ಲಿ ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ ಶೇ. 80ಕ್ಕೆ ಇಳಿಸಿ ಮತ್ತೊಮ್ಮೆ ಅಳೆಯಿರಿ.