ಪೂಹೋಲ್ಸ್‌ಗೆ ಯಾರ ದೃಷ್ಟಿಯೂ ತಾಗಿರಲಿಲ್ಲ

2011ರ ಚಳಿಗಾಲ. ಕ್ಯಾಲಿಫೋರ್ನಿಯಾದ ಏಂಜಲ್ಸ್ ಬೇಸ್‌ಬಾಲ್ ತಂಡದ ಮುಂದೆ ಎರಡು ಪ್ರಶ್ನೆ ಇದ್ದವು. ಮುಂದಿನ ಸೀಸನ್‌ಗೆ ಫಸ್ಟ್ ಬೇಸ್‌ನಲ್ಲಿ, ಅಂದರೆ ಚೆಂಡು ಹೊಡೆದ ಬ್ಯಾಟರ್ ಮೊದಲು ಓಡಿ ಮುಟ್ಟುವ ಜಾಗದಲ್ಲಿ, ಫೀಲ್ಡಿಂಗ್‌ಗೆ ಯಾರನ್ನು ನಿಲ್ಲಿಸುವುದು? ಪಿಚರ್‌ಗಳ, ಅಂದರೆ ಚೆಂಡೆಸೆಯುವವರ, ಸಾಲಿಗೆ ಇನ್ನೊಬ್ಬ ಒಳ್ಳೆಯವನನ್ನು ತರಬೇಕಾ? ಆ ವರ್ಷ ತಂಡ 86 ಪಂದ್ಯ ಗೆದ್ದು 76 ಸೋತಿತ್ತು. ಅದೇ ವಿಭಾಗದ ಟೆಕ್ಸಸ್ ರೇಂಜರ್ಸ್ 96 ಗೆದ್ದಿತ್ತು.

ಫಸ್ಟ್ ಬೇಸ್‌ಗೆ ತಂಡದಲ್ಲೇ ಇಬ್ಬರಿದ್ದರು. ಒಬ್ಬ ಕೆಂಡ್ರಿಸ್ ಮೊರಾಲೆಸ್. ಇವನ ಕಥೆ ಸ್ವಲ್ಪ ವಿಚಿತ್ರ. 2010ರ ಮೇ 29ರಂದು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂತೆ, ಮೈದಾನದ ಆಚೆಗೆ ಹೋಗುವ ಹೊಡೆತ) ಹೊಡೆದು ಪಂದ್ಯ ಗೆಲ್ಲಿಸಿದ. ಖುಷಿಯಲ್ಲಿ ಸಹ ಆಟಗಾರರ ನಡುವೆ ಹೋಮ್ ಪ್ಲೇಟ್ (ಓಟ ಮುಗಿಸಿ ಮುಟ್ಟಬೇಕಾದ ಹಲಗೆ) ಮೇಲೆ ಹಾರಿದ, ಕಾಲು ಮುರಿಯಿತು. ಉಳಿದ 2010 ಹೋಯಿತು, ಇಡೀ 2011 ಕೂಡ ಹೋಯಿತು. ಅವನ ಜಾಗಕ್ಕೆ ಬಂದ ಹೊಸ ಹುಡುಗ ಮಾರ್ಕ್ ಟ್ರಂಬೊ ಮೊದಲ ವರ್ಷವೇ 29 ಹೋಮ್ ರನ್ ಹೊಡೆದ.

ಆದರೆ ತಂಡದ ಕಣ್ಣು ಬೇರೆ ಕಡೆ ಇತ್ತು. ಡಿಸೆಂಬರ್ 8ರಂದು ಎರಡೂ ಪ್ರಶ್ನೆಗೆ ಒಂದೇ ದಿನ ಉತ್ತರ ಬಂತು. ಫಸ್ಟ್ ಬೇಸ್‌ಗೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಆಲ್ಬರ್ಟ್ ಪೂಹೋಲ್ಸ್. 10 ವರ್ಷಕ್ಕೆ 24 ಕೋಟಿ ಡಾಲರ್. ಪಿಚಿಂಗ್‌ಗೆ ಸಿ.ಜೆ. ವಿಲ್ಸನ್. 5 ವರ್ಷಕ್ಕೆ 7.75 ಕೋಟಿ ಡಾಲರ್. ವಿಲ್ಸನ್ ಬಂದದ್ದು ಎದುರಾಳಿ ಟೆಕ್ಸಸ್‌ನಿಂದಲೇ. ನಮಗೆ ಒಬ್ಬ ಸಿಕ್ಕ, ಅವರಿಗೆ ಒಬ್ಬ ಕಮ್ಮಿಯಾದ ಅಂತ ಎರಡೆರಡು ಲಾಭದ ಲೆಕ್ಕ.

ಮುಂದೇನಾಯಿತು? ಕಾರ್ಡಿನಲ್ಸ್‌ನಲ್ಲಿ 11 ಸೀಸನ್ ಆಡಿ 445 ಹೋಮ್ ರನ್ ಹೊಡೆದಿದ್ದ ಪೂಹೋಲ್ಸ್ ಏಂಜಲ್ಸ್‌ನ 10 ಸೀಸನ್‌ಗಳಲ್ಲಿ ಹೊಡೆದದ್ದು 222. ಬ್ಯಾಟಿಂಗ್ ಸರಾಸರಿ, ಅಂದರೆ ಪ್ರಯತ್ನಗಳಲ್ಲಿ ಎಷ್ಟು ಪಾಲು ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟುವುದು) ಅನ್ನುವ ಲೆಕ್ಕ, 0.328 ಇದ್ದದ್ದು 0.256ಕ್ಕೆ ಇಳಿಯಿತು. ಗುತ್ತಿಗೆ ಮುಗಿಯುವ ಮುಂಚೆಯೇ, 2021ರ ಮೇ ತಿಂಗಳಲ್ಲಿ, ತಂಡ ಅವನನ್ನು ಕೈಬಿಟ್ಟಿತು.

ಇಂಥದ್ದಾದಾಗ ಜನ ಹೇಳುವ ಕಾರಣಗಳು ನಮಗೆ ಗೊತ್ತಿರುವಂಥವೇ. ದುಡ್ಡು ಬಂದ ಮೇಲೆ ಸೋಮಾರಿಯಾದ. ಊರು ಬದಲಾಯಿಸಿದ್ದು ಆಗಿಬರಲಿಲ್ಲ. ಇನ್ನು ನಮ್ಮ ಕಡೆಯಾಗಿದ್ದರೆ ಕೇಳುವುದೇ ಬೇಡ, ಎಲ್ಲರ ಕಣ್ಣು ಅವನ ಮೇಲೇ, ದೃಷ್ಟಿ ತಾಗಿತು ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಅಮೆರಿಕದವರೇನೂ ಕಮ್ಮಿಯಿಲ್ಲ. ಅಲ್ಲಿ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯ ಮುಖಪುಟದಲ್ಲಿ ಫೋಟೊ ಬಂದವನಿಗೆ ಕೇಡು ಕಾದಿದೆ ಅಂತ ನಂಬುವವರಿದ್ದಾರೆ. 1954ರ ಆಗಸ್ಟ್‌ನಲ್ಲಿ ಬಂದ ಮೊದಲ ಸಂಚಿಕೆಯ ಮುಖಪುಟದಲ್ಲಿ ಎಡ್ಡಿ ಮ್ಯಾಥ್ಯೂಸ್ ಎಂಬ ಬ್ಯಾಟರ್ ಇದ್ದ. ಸ್ವಲ್ಪ ದಿನದಲ್ಲೇ ಅವನ ಕೈಗೆ ಪೆಟ್ಟಾಯಿತು. ಶಾಪ ಅಂಟಿಕೊಂಡಿತು!

ನನಗೆ ಈ ಮಾತು ಕೇಳಿದರೆ ಕಿರಿಕಿರಿ. ಯಾಕೆಂದರೆ ಇದಕ್ಕೆ ಇಷ್ಟು ಸುಲಭದ, ಇಷ್ಟು ಚೆಂದದ ವಿವರಣೆ ಇರುವಾಗ ಶಾಪದ ಹತ್ತಿರ ಯಾಕೆ ಹೋಗಬೇಕು? ಒಬ್ಬನ ಫೋಟೊ ಮುಖಪುಟಕ್ಕೆ ಬರುವುದು ಯಾವಾಗ? ಅವನು ತನ್ನ ಮಾಮೂಲಿ ಮಟ್ಟಕ್ಕಿಂತ ಮೇಲೆ ಇದ್ದಾಗ. ಆ ಹೊತ್ತಿನಲ್ಲಿ ಅವನ ಸಾಮರ್ಥ್ಯದ ಜೊತೆ ಅದೃಷ್ಟವೂ ಸೇರಿರುತ್ತದೆ. ಗಾಳಿ, ಎದುರಾಳಿಯ ತಪ್ಪು, ಒಂದಿಂಚು ಆಚೆ ಬಿದ್ದ ಚೆಂಡು. ಸಾಮರ್ಥ್ಯ ಮುಂದಿನ ತಿಂಗಳೂ ಜೊತೆಗೆ ಬರುತ್ತದೆ, ಅದೃಷ್ಟ ಬರಬೇಕೆಂದೇನಿಲ್ಲ. ಹಾಗಾಗಿ ಅವನು ಕೆಳಗಿಳಿಯುತ್ತಾನೆ. ಫೋಟೊ ಹಾಕದಿದ್ದರೂ ಇಳಿಯುತ್ತಿದ್ದ. ಇದನ್ನು ಸರಾಸರಿಯ ಕಡೆಗೆ ಮರಳುವುದು ಅನ್ನುತ್ತಾರೆ. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ, ಅವರ 928 ಬೆಳೆದ ಮಕ್ಕಳ ಎತ್ತರ ಹೋಲಿಸಿ ಇದನ್ನು ತೋರಿಸಿದ. ತುಂಬಾ ಎತ್ತರದ ಅಪ್ಪ ಅಮ್ಮನ ಮಕ್ಕಳು ಎತ್ತರವೇ, ಆದರೆ ಅಷ್ಟು ಅಲ್ಲ.

ಬೇಸ್‌ಬಾಲ್‌ಗೆ ಇದನ್ನು ಅದ್ಭುತವಾಗಿ ಹಚ್ಚಿದವರು ಬ್ರ್ಯಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು. 1970ರ ಸೀಸನ್‌ನಲ್ಲಿ 18 ಬ್ಯಾಟರ್‌ಗಳ ಮೊದಲ 45 ಪ್ರಯತ್ನಗಳನ್ನು ಮಾತ್ರ ತೆಗೆದುಕೊಂಡರು. ರಾಬರ್ಟೊ ಕ್ಲೆಮೆಂಟೆ 45ರಲ್ಲಿ 18 ಹಿಟ್, ಅಂದರೆ 0.400. ಥರ್ಮನ್ ಮನ್ಸನ್ 45ರಲ್ಲಿ ಬರೀ 8, ಅಂದರೆ 0.178. ಇಷ್ಟೇ ನೋಡಿ ಉಳಿದ ಸೀಸನ್ ಹೇಗಿರುತ್ತದೆ ಅಂತ ಊಹಿಸಬೇಕು. ಅವರವರ ಅಂಕಿಯನ್ನೇ ನಂಬುವುದು ಒಂದು ದಾರಿ. ಇವರು ಬೇರೆ ದಾರಿ ಹಿಡಿದರು. ಎಲ್ಲರ ಅಂಕಿಯನ್ನೂ 18 ಜನರ ಸರಾಸರಿಯಾದ 0.265ರ ಕಡೆಗೆ ಜೋರಾಗಿ ಎಳೆದರು. ಸೀಸನ್ ಮುಗಿದ ಮೇಲೆ ನೋಡಿದರೆ ಎಳೆದ ಅಂದಾಜುಗಳ ಒಟ್ಟು ತಪ್ಪು ಮೊದಲಿನ ದಾರಿಯ ಮೂರನೇ ಒಂದು ಭಾಗಕ್ಕಿಂತಲೂ ಕಮ್ಮಿ ಇತ್ತು! ಮನ್ಸನ್ ಉಳಿದ ಪಂದ್ಯಗಳಲ್ಲಿ 0.316 ಹೊಡೆದು ಆ ವರ್ಷದ ಅತ್ಯುತ್ತಮ ಹೊಸ ಆಟಗಾರನೆಂಬ ಪ್ರಶಸ್ತಿ ಪಡೆದ. ಕ್ಲೆಮೆಂಟೆ 0.346ಕ್ಕೆ ಬಂದು ನಿಂತ. ಅವನನ್ನು 0.29ರ ಹತ್ತಿರಕ್ಕೆ ಎಳೆದಿದ್ದರು, ಅದು ಅನ್ಯಾಯವೇ. ನಿಜಕ್ಕೂ ಅಷ್ಟು ದೊಡ್ಡ ಆಟಗಾರ ಅವನು. 1972ರ ಡಿಸೆಂಬರ್ 31ರಂದು ನಿಕರಾಗುವದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡ.

ಈ ಎಳೆಯುವ ಉಪಾಯ ಚಾರ್ಲ್ಸ್ ಸ್ಟೈನ್ ಅವರದು, 1956ರದು. ಇದು ಯಾಕೆ ಸಂಖ್ಯಾಶಾಸ್ತ್ರಜ್ಞರನ್ನು ಬೆಚ್ಚಿಬೀಳಿಸಿತು ಅಂತ ತಿಳಿಯಬೇಕಾದರೆ ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರನ್ನು ನೆನೆಯಬೇಕು. ಪಕ್ಷಪಾತವಿಲ್ಲದ, ಅಂದರೆ ಸರಾಸರಿಯಲ್ಲಿ ನಿಜಕ್ಕಿಂತ ಮೇಲಕ್ಕೂ ವಾಲದ ಕೆಳಕ್ಕೂ ವಾಲದ, ಅಂದಾಜು ಎಷ್ಟೇ ಜಾಣತನದಿಂದ ಮಾಡಿದರೂ ಅದರ ಏರುಪೇರು ಒಂದು ಮಿತಿಗಿಂತ ಕೆಳಗಿಳಿಯುವುದಿಲ್ಲ ಅಂತ ಅವರು 1945ರಲ್ಲಿ ತೋರಿಸಿದ್ದರು. ವಯಸ್ಸು ಇನ್ನೂ 25. ಆ ಗೋಡೆಯನ್ನು ದಾಟುವಂತಿಲ್ಲ. ಸ್ಟೈನ್ ಹೇಳಿದ್ದೇನೆಂದರೆ, ದಾಟಬೇಡಿ, ಪಕ್ಷಪಾತ ಇರಬಾರದು ಎಂಬ ಷರತ್ತನ್ನೇ ಬಿಡಿ. ಬೇಕೆಂದೇ ಸ್ವಲ್ಪ ಪಕ್ಷಪಾತ ಮಾಡಿ, ಎಲ್ಲರನ್ನೂ ಮಧ್ಯಕ್ಕೆ ತಳ್ಳಿ. ಮೂರು ಅಥವಾ ಜಾಸ್ತಿ ಅಂದಾಜುಗಳನ್ನು ಒಟ್ಟಿಗೆ ಮಾಡುವುದಾದರೆ ಒಟ್ಟು ತಪ್ಪು ಕಮ್ಮಿಯಾಗುತ್ತದೆ.

ಇಷ್ಟು ಗೊತ್ತಿದ್ದರೆ ಪೂಹೋಲ್ಸ್‌ನ ಭವಿಷ್ಯ ನೀವೇ ಹೇಳಬಹುದು. ಟಾಮ್ ಟ್ಯಾಂಗೋ ಎಂಬ ಹೆಸರಿನಲ್ಲಿ ಬರೆಯುವ ಲೆಕ್ಕಿಗನೊಬ್ಬ ಇದಕ್ಕೊಂದು ಸೂತ್ರ ಮಾಡಿಟ್ಟಿದ್ದಾನೆ. ಹೆಸರು ಮಾರ್ಸೆಲ್. ಟಿವಿ ಧಾರಾವಾಹಿಯೊಂದರ ಕೋತಿಯ ಹೆಸರದು, ಕೋತಿಗೂ ಬರುವಷ್ಟು ಸುಲಭ ಅಂತ. ಹಿಂದಿನ ಮೂರು ವರ್ಷದ ಅಂಕಿ ತೆಗೆದುಕೊಳ್ಳಿ. ಹೊಸದಕ್ಕೆ 5, ಅದರ ಹಿಂದಿನದಕ್ಕೆ 4, ಅದಕ್ಕೂ ಹಿಂದಿನದಕ್ಕೆ 3 ಅಂತ ತೂಕ ಕೊಡಿ. ಪೂಹೋಲ್ಸ್ 2009ರಲ್ಲಿ 47, 2010ರಲ್ಲಿ 42, 2011ರಲ್ಲಿ 37 ಹೋಮ್ ರನ್ ಹೊಡೆದಿದ್ದ. ತೂಕ ಹಾಕಿ ಕೂಡಿಸಿದರೆ 494. ಬ್ಯಾಟಿಂಗ್‌ಗೆ ಬಂದ ಸರದಿಗಳು 700, 700, 651. ಅವನ್ನೂ ಹಾಗೇ ತೂಗಿದರೆ 8155.

ಈಗ ಮಜಾ ಇರುವ ಹೆಜ್ಜೆ. ಇದಕ್ಕೆ ತೀರಾ ಸಾಧಾರಣ ಆಟಗಾರನೊಬ್ಬನ 1200 ಸರದಿಗಳನ್ನು ಬೆರೆಸಬೇಕು. ಆ 1200ರಲ್ಲಿ ಅವನು ಸುಮಾರು 30 ಹೋಮ್ ರನ್ ಹೊಡೆಯುತ್ತಾನೆ. ಯಾರ ಲೆಕ್ಕವಾದರೂ ಸರಿ, ಬೆರೆಸುವುದು ಅದೇ 1200. ಕೊಡ ತುಂಬ ಗಟ್ಟಿ ಮಜ್ಜಿಗೆಗೆ ಒಂದು ಚೊಂಬು ನೀರು ಹಾಕಿದರೆ ರುಚಿ ಅಷ್ಟೇನೂ ಕೆಡುವುದಿಲ್ಲ. ಅದೇ ಚೊಂಬು ನೀರನ್ನು ಒಂದು ಲೋಟ ಮಜ್ಜಿಗೆಗೆ ಹಾಕಿದರೆ ಬರೀ ನೀರೇ. ಮೂರು ವರ್ಷ ಪೂರ್ತಿ ಆಡಿದ ಪೂಹೋಲ್ಸ್ ಕೊಡ. ಒಂದೇ ವರ್ಷ ಆಡಿದ ಟ್ರಂಬೊ ಲೋಟ. ಹೊಸಬನ 29 ಹೋಮ್ ರನ್ ನೋಡಿ ಕುಣಿಯಬಾರದು ಅನ್ನುವುದಕ್ಕೆ ಕಾರಣ ಇದೇ. ಹುಡುಗ ಕೆಟ್ಟವನಂತಲ್ಲ, ನಮಗೆ ಅವನ ಬಗ್ಗೆ ಗೊತ್ತಿರುವುದು ಕಮ್ಮಿ.

ಬೆರೆಸಿದ ಮೇಲೆ ಪೂಹೋಲ್ಸ್‌ದು 9355 ಸರದಿಗೆ 524. ಅಂದರೆ ನೂರಕ್ಕೆ 5.6. ಕೊನೆಗೆ ವಯಸ್ಸು. ಮಾರ್ಸೆಲ್ 29ನ್ನು ನಡು ಎಂದು ಹಿಡಿಯುತ್ತದೆ. ಅದಕ್ಕಿಂತ ಮೇಲಿನ ಪ್ರತಿ ವರ್ಷಕ್ಕೂ ಶೇ. 0.3 ಕಡಿತ. ಪೂಹೋಲ್ಸ್‌ಗೆ ಆಗ 32. ಚೂರು ಕಡಿಮೆಯಾಯಿತು. ಮುಂದಿನ ವರ್ಷ 596 ಸರದಿ ಸಿಗುತ್ತದೆ ಅಂತ ಸೂತ್ರದ ಅಂದಾಜು. ಗುಣಿಸಿ. 33 ಬರುತ್ತದೆ.

2012ರ ಏಪ್ರಿಲ್ ಪೂರ್ತಿ ಅವನ ಬ್ಯಾಟ್‌ನಿಂದ ಒಂದೂ ಹೋಮ್ ರನ್ ಬರಲಿಲ್ಲ. ಮೊದಲನೆಯದು ಬಂದದ್ದು ಮೇ 6ಕ್ಕೆ. ಅಷ್ಟರಲ್ಲಿ ಶಾಪದ ಮಾತು, ಸೋಮಾರಿತನದ ಮಾತು ಎಲ್ಲ ಮುಗಿದಿದ್ದವು. ವರ್ಷದ ಕೊನೆಗೆ ಎಷ್ಟು? 30.

ಹಾಗಾದರೆ ಏಂಜಲ್ಸ್ ಎಡವಿದ್ದೆಲ್ಲಿ? ನನ್ನ ಪ್ರಕಾರ 2012ರಲ್ಲಿ ಅಲ್ಲ, ಆ ‘10 ವರ್ಷ’ದಲ್ಲಿ. 47, 42, 37 ಅಂತ ಇಳಿಯುತ್ತಿದ್ದದ್ದು ಎಲ್ಲರ ಕಣ್ಣೆದುರೇ ಇತ್ತು. ಅದರ ಮೇಲೆ ಫಸ್ಟ್ ಬೇಸ್ ಎಂಬ ಜಾಗವೇ ಹಾಗೆ. ಕಾನ್ಸಾಸ್‌ನ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲು ಕಾಯುತ್ತಾ ಬೇಸ್‌ಬಾಲ್ ಅಂಕಿಗಳನ್ನು ಜಾಲಾಡುತ್ತಿದ್ದ ಬಿಲ್ ಜೇಮ್ಸ್, ಫೀಲ್ಡಿಂಗ್ ಜಾಗಗಳನ್ನು ಸುಲಭದಿಂದ ಕಷ್ಟದ ಕಡೆಗೆ ಸಾಲಾಗಿ ಜೋಡಿಸಿದ. ಸುಲಭದ ತುದಿಯಲ್ಲಿರುವುದು ಫಸ್ಟ್ ಬೇಸ್. ವಯಸ್ಸಾಗಿ ಓಡಲಾರದ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಕಷ್ಟದ ಜಾಗ) ಆಟಗಾರನನ್ನು ಮೂರನೇ ಬೇಸ್‌ಗೆ ತರಬಹುದು, ಆಮೇಲೆ ಇಲ್ಲಿಗೆ ತರಬಹುದು. ಇಲ್ಲಿರುವವನನ್ನು ಎಲ್ಲಿಗೆ ಕಳಿಸುವುದು? ಫೀಲ್ಡಿಂಗ್ ಮಾಡದೆ ಬ್ಯಾಟ್ ಮಾತ್ರ ಹಿಡಿಯುವ ಜಾಗ ಒಂದಿದೆ, ಅಷ್ಟೇ. ಉಲ್ಟಾ ದಿಕ್ಕಿನಲ್ಲಿ ಹೋಗುವುದೂ ಕಷ್ಟ. ಪೂಹೋಲ್ಸ್ ಬಂದದ್ದಕ್ಕೆ ಟ್ರಂಬೊನನ್ನು ಮೂರನೇ ಬೇಸ್‌ಗೆ ದೂಡಿ ನೋಡಿದರು, ಆಗಲಿಲ್ಲ, ಔಟ್‌ಫೀಲ್ಡ್‌ಗೆ, ಅಂದರೆ ಬೇಸ್‌ಗಳ ಆಚೆಯ ದೂರದ ಮೈದಾನಕ್ಕೆ, ಕಳಿಸಬೇಕಾಯಿತು. 2013ರಲ್ಲಿ ಪೂಹೋಲ್ಸ್ ಅಂಗಾಲಿನ ನೋವಿಗೆ ಸಿಕ್ಕಿ 99 ಪಂದ್ಯ ಮಾತ್ರ ಆಡಿದ, 17 ಹೋಮ್ ರನ್. ಇದರಲ್ಲಿ ಸೋಮಾರಿತನ ಎಲ್ಲಿ ಬಂತು?

ಪಿಚರ್‌ಗಳ ವಿಷಯ ಇನ್ನೂ ಜಾರು. 2001ರಲ್ಲಿ ವೊರೊಸ್ ಮೆಕ್‌ಕ್ರ್ಯಾಕನ್ ಎಂಬಾತ ಒಂದು ಬಾಂಬ್ ಹಾಕಿದ. ಬ್ಯಾಟ್‌ಗೆ ತಾಗಿ ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುತ್ತಾ, ಔಟ್ ಆಗುತ್ತಾ ಅನ್ನುವುದರಲ್ಲಿ ಪಿಚರ್‌ನ ಕೈವಾಡ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಕಮ್ಮಿ ಅಂದ. ಸುಮಾರು ನೂರಕ್ಕೆ 30 ಹಿಟ್ ಆಗುತ್ತವೆ, ಯಾರೇ ಎಸೆಯಲಿ. ಯಾರೂ ನಂಬಲಿಲ್ಲ. ಆದರೆ ಪೆಡ್ರೊ ಮಾರ್ಟಿನೆಜ್‌ನನ್ನೇ ನೋಡಿ. 1999ರಲ್ಲಿ ಅವನ ವಿರುದ್ಧ ಹೀಗೆ ಬಿದ್ದ ಚೆಂಡುಗಳಲ್ಲಿ ಹೆಚ್ಚುಕಮ್ಮಿ ಮೂರಕ್ಕೊಂದು ಹಿಟ್. 2000ದಲ್ಲಿ ನಾಲ್ಕಕ್ಕೊಂದೂ ಇಲ್ಲ. ಅದೇ ಕೈ, ಅದೇ ಮನುಷ್ಯ. ಸ್ಟ್ರೈಕ್‌ಔಟ್‌ಗಳು (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು) ಮಾತ್ರ 313 ಮತ್ತು 284, ಎರಡೂ ವರ್ಷ ಭರ್ಜರಿ. ಹಾಗಾಗಿ ಪಿಚರ್‌ನನ್ನು ಕೊಳ್ಳುವವರು ಅವನು ಬಿಟ್ಟುಕೊಟ್ಟ ರನ್ ನೋಡುವ ಮುಂಚೆ ಸ್ಟ್ರೈಕ್‌ಔಟ್, ವಾಕ್ (ಕೆಟ್ಟ ಎಸೆತಗಳಿಂದ ಪುಕ್ಕಟೆ ಬಿಟ್ಟುಕೊಟ್ಟ ಫಸ್ಟ್ ಬೇಸ್), ಹೋಮ್ ರನ್ ಈ ಮೂರನ್ನು ನೋಡಬೇಕು. ಅವು ಅವನದೇ ಸ್ವಂತ ಗಳಿಕೆ.

ವಿಲ್ಸನ್ 2011ರಲ್ಲಿ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 2.94 ರನ್ ಕೊಟ್ಟಿದ್ದ. ಏಂಜಲ್ಸ್‌ಗೆ ಬಂದ ವರ್ಷ ಅದು 3.83. ಮತ್ತೆ ಶಾಪವಾ? 2015ರ ನಡುವೆ ಮೊಣಕೈ ಕೈಕೊಟ್ಟಿತು, ಆಮೇಲೆ ಭುಜ. 2016ರಲ್ಲಿ ಒಂದೂ ಚೆಂಡೆಸೆಯಲಿಲ್ಲ, ಮುಂದೆಂದೂ ಎಸೆಯಲಿಲ್ಲ. ಪಿಚರ್‌ನ ಭುಜ ಎಸೆಯುವಾಗ ಸೆಕೆಂಡಿಗೆ ಸುಮಾರು 7000 ಡಿಗ್ರಿ ವೇಗದಲ್ಲಿ ತಿರುಗುತ್ತದೆ. ಅಂಥ ಕೈಗೆ ಐದು ವರ್ಷದ ಗ್ಯಾರಂಟಿ ಯಾವ ಸೂತ್ರವೂ ಕೊಡಲಾರದು.

2012ರಲ್ಲಿ ಏಂಜಲ್ಸ್ 89 ಗೆದ್ದು ಮೂರನೇ ಸ್ಥಾನಕ್ಕೆ ನಿಂತಿತು. ವಿಭಾಗ ಗೆದ್ದದ್ದು ಅವರಿಗಿಂತ ಎಷ್ಟೋ ಕಮ್ಮಿ ಸಂಬಳ ಕೊಡುತ್ತಿದ್ದ ಓಕ್‌ಲ್ಯಾಂಡ್. ಅತ್ತ ಕಾರ್ಡಿನಲ್ಸ್‌ಗೆ ಪೂಹೋಲ್ಸ್ ಹೋದದ್ದಕ್ಕೆ ಪರಿಹಾರವಾಗಿ ಏಂಜಲ್ಸ್‌ನ ಡ್ರಾಫ್ಟ್ ಸರದಿ, ಅಂದರೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ, ಸಿಕ್ಕಿತು. ಅದರಲ್ಲಿ ಮೈಕೆಲ್ ವಾಕಾ ಎಂಬ ಹುಡುಗನನ್ನು ಆರಿಸಿಕೊಂಡರು. 2013ರಲ್ಲಿ, 22ನೇ ವಯಸ್ಸಿಗೆ, ಆ ಹುಡುಗನ ಪಿಚಿಂಗ್‌ನಿಂದಲೇ ಕಾರ್ಡಿನಲ್ಸ್ ವರ್ಷದ ಫೈನಲ್ ಆದ ವರ್ಲ್ಡ್ ಸೀರೀಸ್ ತಲುಪಿತು. ಫಸ್ಟ್ ಬೇಸ್ ಕಳೆದುಕೊಂಡು ಪಿಚರ್ ಗಳಿಸಿದರು.

ಇನ್ನು ಮಾರ್ಸೆಲ್ ಯಾವಾಗಲೂ ಗೆಲ್ಲುತ್ತದೆ ಅಂದುಕೊಳ್ಳಬೇಡಿ. 2022ರಲ್ಲಿ 42 ವರ್ಷದ ಪೂಹೋಲ್ಸ್ ಕಾರ್ಡಿನಲ್ಸ್‌ಗೆ ವಾಪಸ್ ಬಂದ. ಅದೇ ಲೆಕ್ಕ ಹಾಕಿದರೆ ಸುಮಾರು 360 ಸರದಿಗೆ 15 ಹೋಮ್ ರನ್ ಬರುತ್ತದೆ. ಅವನು 351 ಸರದಿಗೆ 24 ಹೊಡೆದು, ಒಟ್ಟು 703ಕ್ಕೆ ಮುಟ್ಟಿಸಿ ನಿವೃತ್ತನಾದ. ಸರದಿ ಸರಿ ಹೋಯಿತು, ಹೋಮ್ ರನ್ ತಪ್ಪಿತು. ಸ್ವಲ್ಪ ಅದೃಷ್ಟ ಇದ್ದೇ ಇದೆ. ಜೊತೆಗೆ ಎಡಗೈ ಪಿಚರ್‌ಗಳು ಎದುರಿದ್ದಾಗಲೇ ತಂಡ ಅವನನ್ನು ಹೆಚ್ಚಾಗಿ ಇಳಿಸುತ್ತಿತ್ತು. ಬಲಗೈ ಬ್ಯಾಟರ್‌ಗೆ ಎಡಗೈ ಪಿಚರ್‌ನ ಚೆಂಡು ಹೊಡೆಯುವುದು ಸುಲಭ. ಎದುರಿಗೆ ಎಸೆಯುತ್ತಿರುವವನು ಯಾವ ಕೈಯವನು ಅಂತ ಮಾರ್ಸೆಲ್ ಕೇಳುವುದೇ ಇಲ್ಲ.